ಗಣಿಯಂಚಿನ ರತ್ನಗಂಧಿ

ನಾನು ಒಂದು ರತ್ನಗಂಧಿ ಗಿಡ. ನನ್ನ ಬೀಜದ ಸಿಪ್ಪೆ ಬಲು ಗಟ್ಟಿ. ಸುಮ್ಮನೆ ಮಣ್ಣಿಗೆ ಹಾಕಿದ್ದರೆ ಎಷ್ಟು ಕಾಲ ಒಳಗೇ ಮಲಗಿರುತ್ತಿದ್ದೆನೋ! ಅಂಗನವಾಡಿಯ ಜಗದೇವಿ ಟೀಚರ್ ನನ್ನನ್ನು ಹಾಸುಗಲ್ಲಿಗೆ ಉಜ್ಜಿ, ಬಿಸಿನೀರಿನಲ್ಲಿ ನೆನೆಹಾಕಿ ಎಬ್ಬಿಸಿದರು.

ಅದು ಕಲಬುರಗಿ ಕಡೆಯ ಕಲ್ಲುಗಣಿಯ ಊರು. ಅಂಗನವಾಡಿಯ ಹಿಂದೆಯೇ ಕಲ್ಲು ತೆಗೆದು ಬಿಟ್ಟುಹೋದ ಆಳವಾದ ಹೊಂಡ, ಅದರ ತುಂಬ ನೀರು. ನಡುವೆ ಗೋಡೆಯಿಲ್ಲ. ಗೋಡೆ ಕಟ್ಟಿಸಿಕೊಡಿ ಎಂದು ಕೇಳಿ ಕೇಳಿ ಸಾಕಾದ ಜಗದೇವಿ, ಗಿಡದ ಬೇಲಿಯನ್ನಾದರೂ ಹಾಕೋಣವೆಂದು ಹಾರೆ ಹಿಡಿದು ತಾವೇ ಕಲ್ಲುಚಕ್ಕೆ ಎಬ್ಬಿಸತೊಡಗಿದರು.

ಅಡುಗೆಯ ಭೀಮಬಾಯಿ ನಕ್ಕಳು. "ಅಕ್ಕೋರೆ, ಇದು ಬರೇ ಕಲ್ಲದರಿ. ಇಲ್ಲೇನ್ ಬೆಳೀತದ?"

"ಗ್ವಾಡಿ ಬರೋತನಕ ಹುಡುಗ್ರು ಒಂದೇ ಕಡಿ ಕುಂದರ್ತಾವೇನು? ಬೆಳೀಲೇಬೇಕು."

ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು, ಹೊಂಡದ ಉದ್ದಕ್ಕೂ ಸಾಲಾಗಿ ನಮ್ಮನ್ನು ನೆಟ್ಟರು. ಮಕ್ಕಳು ಉಂಡು ಕೈತೊಳೆದ ನೀರೇ ನಮಗೆ ಗತಿ. ಮೊದಲ ಬೇಸಿಗೆಯಲ್ಲಿ ನನ್ನ ಜೊತೆಯವರು ಎಷ್ಟೋ ಮಂದಿ ಒಣಗಿಹೋದರು. ಜಗದೇವಿ ಆ ಗುಂಡಿಗಳಲ್ಲೇ ಮತ್ತೆ ಬೀಜ ಹಾಕಿದರು. ನಮಗೆ ಬಿಸಿಲೆಂದರೆ ಇಷ್ಟ. ಬೇರಿಗೆ ಬಿರುಕೊಂದು ಸಿಕ್ಕ ಮೇಲೆ ನಾನು ಹಿಂದೆ ನೋಡಲಿಲ್ಲ.

ಆಳೆತ್ತರ ಬೆಳೆದು, ಹಳದಿ ಅಂಚಿನ ಕೆಂಪು ಹೂ ಬಿಟ್ಟೆ. ಎಲ್ಲರೂ ನಿಂತು ನೋಡುವವರೇ. ನನಗೂ ಜಂಬ ಬಂತು. ಹೂ ಉದುರತೊಡಗಿದಾಗ ಜಗದೇವಿ ಕುಡುಗೋಲು ತಂದು ನನ್ನನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿಬಿಟ್ಟರು.

"ಇಷ್ಟ್ ಛಂದ ಗಿಡ ಕಡೀತೀರೇನ್ರಿ!" ಎಂದು ಭೀಮಬಾಯಿ ಬಾಯಿ ಬಡಿದುಕೊಂಡಳು.

"ಛಂದೆಲ್ಲ ಮ್ಯಾಲದ, ಬುಡ ಬಯಲದ. ಕೂಸು ನುಸಳೋದು ಬುಡದಾಗ ಅಲ್ಲೇನು?"

ಉರಿಯಿತು, ಸಿಟ್ಟೂ ಬಂತು. ಆದರೆ ಕಡಿದ ಕಡೆಯೆಲ್ಲ ಕವಲೊಡೆದು, ಮರುವರ್ಷಕ್ಕೆ ಬುಡದಿಂದಲೇ ಪೊದೆಯಾದೆ.

ಒಂದು ಮಳೆಗಾಲ ಹೊಂಡ ತುಂಬಿ ನಿಂತಿತ್ತು. ನಾಯಿಮರಿಯೊಂದು ನಮ್ಮ ನಡುವೆ ತೂರಿತು. ಅದರ ಹಿಂದೆಯೇ ಪುಟ್ಟ ಅಂಬಿಕಾ ತಲೆ ತೂರಿಸಿದಳು. ನನಗೆ ಹಿಡಿಯಲು ಕೈಯಿಲ್ಲ, ಇದ್ದದ್ದು ಮುಳ್ಳು. ಅವಳ ಫ್ರಾಕು ಸಿಕ್ಕಿಕೊಂಡಿತು. ಜಗ್ಗಿದಷ್ಟೂ ಬಿಗಿಯಾಯಿತು. ಅವಳು ಚೀರಿದಳು, ಜಗದೇವಿ ಓಡಿಬಂದು ಎತ್ತಿಕೊಂಡರು.

ಸಂಜೆ ಅವಳ ತಾಯಿ ಜಗಳಕ್ಕೇ ಬಂದಳು. "ಕೂಸಿನ ಮೈಯೆಲ್ಲ ಗೀರ್‍ಯಾವ! ಮುಳ್ಳಿನ ಗಿಡ ಯಾಕ ಹಚ್ಚೀರಿ?"

ಜಗದೇವಿ ಅವಳ ಕೈಹಿಡಿದು, ಸಾಲು ಬಳಸಿ ನನ್ನ ಆ ಬದಿಗೆ ಕರೆತಂದು ನಿಲ್ಲಿಸಿದರು. ತಾಯಿ ನೀರನ್ನು ನೋಡಿದಳು. ಮರುದಿನ ಒಂದು ಬುಟ್ಟಿ ಕರಿಮಣ್ಣು ತಂದು ನನ್ನ ಬುಡಕ್ಕೆ ಸುರಿದು ಹೋದಳು.

ಜಗದೇವಿ ನಿವೃತ್ತರಾದ ಮೇಲೆ ಕುಡುಗೋಲು ಭೀಮಬಾಯಿಯ ಕೈಗೆ ಬಂತು. ಆಮೇಲೊಮ್ಮೆ ಗೋಡೆಯೂ ಬಂತು. ಗಿಡ ಕಿತ್ತು ಅಲ್ಲೇ ಪಾಯ ತೋಡುತ್ತೇವೆಂದರು ಕಟ್ಟುವವರು. ಭೀಮಬಾಯಿ ಅಡ್ಡ ನಿಂತಳು.

"ಪಾಯ ಈಚಿಗಿ ತೋಡ್ರಿ."

"ಗ್ವಾಡಿ ಆದ ಮ್ಯಾಲ ಮುಳ್ಳು ಯಾಕಬೇ?"

"ಗ್ವಾಡಿ ಒಳಗಿನ ಹುಡುಗ್ರಿಗಾಯ್ತು. ಗಣಿ ಕೆಲಸದವರ ಹುಡುಗ್ರು ಹೊರಗ ಆಡ್ತಾವ. ಅವಕ್ಕ ಯಾರದಾರ?"

ಪಾಯ ಈಚೆಗೆ ಬಂತು. ಈಗ ನಾನು ಗೋಡೆಯ ಹೊರಗೆ, ನೀರಿನ ಪಕ್ಕ. ಅಂಗನವಾಡಿಯ ಮಕ್ಕಳಿಗೆ ನನ್ನ ಹೂ ಕಾಣುವುದಿಲ್ಲ. ಭೀಮಬಾಯಿ ಮಾತ್ರ ಮಂಡಿನೋವಿನಲ್ಲೂ ವರ್ಷಕ್ಕೊಮ್ಮೆ ಗೋಡೆ ಸುತ್ತಿ ಬರುತ್ತಾಳೆ.

ನನ್ನ ಕಾಂಡ ಸೀಳಿದೆ. ಈ ಸಲ ಕಡಿದ ಮೇಲೆ ಚಿಗುರು ಬರಲು ತಡವಾಯಿತು. ಭೀಮಬಾಯಿ ಬಗ್ಗಿ ನೋಡಿ ಹೋದಳು. ಹೂ ಕಡಿಮೆಯಾದರೆ ನನಗೆ ಚಿಂತೆಯಿಲ್ಲ. ಮುಂಗಾರಿನ ಮೋಡ ಕಟ್ಟುತ್ತಿದೆ. ಹೊಂಡ ತುಂಬುವುದರೊಳಗೆ ನಾನು ಬುಡ ತುಂಬಿಕೊಳ್ಳಬೇಕು.