ಹನ್ನೊಂದು ದಿನ ನುಂಗಿದ ಸುದ್ದಿ

ಧಡ್ — ಬಾಗಿಲು ಮತ್ತೆ ಹೊಡೆದುಕೊಂಡಿತು, ಇದು ಮೂರನೆಯ ಸಲ, ಮೇಲಿರುವ ಆ ಕಬ್ಬಿಣದ ತೋಳಿನ ಪಕ್ಕದಲ್ಲಿ ಪುಟ್ಟದೊಂದು ತಿರುಪು ಇರುತ್ತದೆ, ಕಾಲು ಸುತ್ತು ತಿರುಗಿಸಿದರೆ ಸಾಕು, ಬಾಗಿಲು ಬೆಕ್ಕಿನ ಹಾಗೆ ಸದ್ದಿಲ್ಲದೆ ಬಂದು ಮುಚ್ಚಿಕೊಳ್ಳುತ್ತದೆ, ಇಷ್ಟು ದೊಡ್ಡ ಹಾಸ್ಟೆಲ್ಲಿನಲ್ಲಿ ಇದನ್ನು ನೋಡುವವರೇ ಇಲ್ಲವೇ, ಇಲ್ಲದ್ದಕ್ಕೇ ಅಲ್ಲವೇ ತಾನು ಇಲ್ಲಿ ಬಂದು ಕೂತಿರುವುದು — ಅವಳಿಗೆ ಒಳಗೊಳಗೇ ನಗು ಉಕ್ಕಿತು, ನಗುವನ್ನು ನುಂಗಿ ಮಡಿಲಲ್ಲಿದ್ದ ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು, ಒಳಗೆ ಹಳೇ ಟವೆಲ್ಲಿನಲ್ಲಿ ಸುತ್ತಿದ ಸ್ಪ್ಯಾನರ್, ಎರಡು ಅಳತೆಯ ವಾಷರ್‌ಗಳು, ನಲ್ಲಿಗೆ ಸುತ್ತುವ ಬಿಳಿ ಟೇಪು, ಒಂದು ಟೆಸ್ಟರ್, ಒಂದು ಇಕ್ಕಳ, ಹೆಂಗಸರ ಕೈಚೀಲದಲ್ಲಿ ಏನೇನಿರುತ್ತೋ ಎಂದು ತಮಾಷೆ ಮಾಡುವವರು ಒಮ್ಮೆ ಇದನ್ನು ಬಿಚ್ಚಿ ನೋಡಬೇಕು. ಎದೆ ಯಾಕೆ ಹೀಗೆ ಹಾರುತ್ತಿದೆ, ಮದುವೆಗೆ ನೋಡಲು ಬಂದಾಗಲೂ ಇಷ್ಟು ಹಾರಿರಲಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಒಂಬತ್ತು ವರ್ಷ, ದಿನಕ್ಕೆ ಇನ್ನೂರು ಹಾಸುಬಟ್ಟೆ, ಇಸ್ತ್ರಿಯ ಹಬೆಗೆ ಮುಖ ಒಡ್ಡಿ ಒಡ್ಡಿ ಹುಬ್ಬಿನ ಕೂದಲೇ ಉದುರಿತು, ಮೇಲಿಂದ ಆ ಸೂಪರ್‌ವೈಸರ್, ಎಲ್ಲರೂ ಬೆನ್ನ ಹಿಂದೆ ಸ್ಕೇಲು ಎಂದು ಕರೆಯುವವನು, ಮಡಚಿದ ಬಟ್ಟೆಯ ಅಂಚಿಗೆ ನಿಜಕ್ಕೂ ಸ್ಕೇಲು ಇಟ್ಟು ಅಳೆಯುತ್ತಾನೆ, ಅರ್ಧ ಇಂಚು ಜಾಸ್ತಿ ಆಗಿದೆ ನೋಡಮ್ಮ, ಅನ್ನುತ್ತಾನೆ, ಅರ್ಧ ಇಂಚು ಹೆಚ್ಚಾದರೆ ರೋಗಿ ಜಾರಿ ಬೀಳುತ್ತಾನೇನು, ಇವತ್ತು ತನಗೆ ಹಲ್ಲುನೋವು ಎಂದು ಅವನಿಗೆ ಹೇಳಿ ಬಂದಿದ್ದಾಳೆ, ಯಾವ ಹಲ್ಲು ಎಂದು ಕೂಡ ಕೇಳಿದ, ಎಡದ ದವಡೆ ಸಾರ್ ಅಂದಳು, ಅತ್ತೆಗೆ ಮಾತ್ರ ನಿಜ ಹೇಳಿದ್ದಾಳೆ. ಅತ್ತೆ ಬಾಗಿಲ ತನಕ ಬಂದು, ಹೆಂಗಸರು ಮೋಟಾರು ಬಿಚ್ಚೋ ಕಾಲ ಬಂತಾ, ಎಂದು ಒಂದು ನಿಮಿಷ ಗೊಣಗಿ, ಆಮೇಲೆ ತಾವೇ ಹುಡುಕಿ ಆ ಹಳೇ ಟವೆಲ್ಲು ತಂದುಕೊಟ್ಟರು. ಸಿಂಕಿನ ಕೆಳಗೆ ಅವಳು ಮಲಗಿ ಪೈಪು ಬಿಚ್ಚುವಾಗಲೆಲ್ಲ ಟಾರ್ಚು ಹಿಡಿಯುವವರು ಅವರೇ, ಮಾತಿಗೆ ಶುರು ಹಚ್ಚಿಕೊಂಡರೆ ಟಾರ್ಚು ಪೈಪು ಬಿಟ್ಟು ಗೋಡೆ, ಛಾವಣಿ, ಪಕ್ಕದ ಮನೆ ಎಲ್ಲಕ್ಕೂ ಹೋಗಿ ಬರುತ್ತದೆ, ಅತ್ತೇ ಇಲ್ಲಿ, ಇಲ್ಲಿ, ಎಂದು ಕೂಗಬೇಕು.

ಇದೆಲ್ಲ ಕಲಿತದ್ದು ಎಲ್ಲಿ, ಮೆಟ್ಟಿಲ ಮೇಲೆ, ತಮ್ಮ ಕಟ್ಟಡದ ಎರಡನೇ ಮಹಡಿಗೆ ಹೋಗುವ ಮೆಟ್ಟಿಲು, ಸಂಜೆ ಐದೂವರೆಗೆ ಮೂರೇ ಜನ, ಕೆಳಗಿನ ಮನೆಯ ಬಣ್ಣದಣ್ಣ, ಎದುರು ಮನೆಯ ಲಿಫ್ಟಿನವಳು, ಮತ್ತು ತಾನು. ಬಣ್ಣದಣ್ಣ ಗೋಡೆಗೆ ಬಣ್ಣ ಬಳಿಯುವವನು, ಅವನ ಬೆರಳ ಸಂದಿ ನೋಡಿದರೆ ಆ ವಾರ ಯಾವ ಬಣ್ಣದ ಮನೆ ಎಂದು ತಿಳಿಯುತ್ತದೆ, ಅಡಿಗೆಮನೆಯ ಗೋಡೆ ಒದ್ದೆಯಾಗಿ ಸುಣ್ಣ ಉದುರುತ್ತಿದೆ ಎಂದು ತಾನು ಅತ್ತಾಗ, ಗೋಡೆ ಅಳ್ತಾ ಇದ್ರೆ ಮುಖಕ್ಕೆ ಪೌಡರ್ ಹಚ್ಚಬೇಡ ತಾಯಿ, ಯಾಕೆ ಅಳ್ತಿದೆ ಅಂತ ಮೊದ್ಲು ಕೇಳು, ಅಂದಿದ್ದ, ಕೇಳಿದರೆ ಗೋಡೆಯ ಹಿಂದಿನ ಪೈಪು ತೊಟ್ಟಿಕ್ಕುತ್ತಿತ್ತು, ಅವತ್ತಿನಿಂದ ಶುರು ಈ ಸ್ಪ್ಯಾನರ್ ಹುಚ್ಚು. ಲಿಫ್ಟಿನವಳು ಎಂಟು ಮಹಡಿಯ ಕಟ್ಟಡವೊಂದರಲ್ಲಿ ಲಿಫ್ಟು ನಡೆಸುತ್ತಾಳೆ, ಫ್ಯೂಸು, ವೈರು, ಸ್ವಿಚ್ಚು ಎಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು, ಎಂಟು ಮಹಡಿಯ ಸುದ್ದಿಯೂ ಅವಳ ಹತ್ತಿರ, ಲಿಫ್ಟಿನೊಳಗೆ ಜನ ಗೋಡೆಯೊಂದಿಗೆ ಮಾತಾಡಿದ ಹಾಗೆ ಮಾತಾಡುತ್ತಾರೆ ಕಣೇ, ನಾನು ಅಲ್ಲಿರೋದೇ ಅವರಿಗೆ ಕಾಣಲ್ಲ, ಅನ್ನುತ್ತಾಳೆ, ಎಲ್ಲಿ ಕೆಲಸ ಖಾಲಿ, ಯಾರು ಯಾರನ್ನು ತೆಗೆದರು, ಎಲ್ಲ ಹೊತ್ತು ತರುತ್ತಾಳೆ, ಬಣ್ಣದಣ್ಣನ ತಮ್ಮನಿಗೆ ಗೋದಾಮಿನ ಕೆಲಸ ಸಿಕ್ಕಿದ್ದು ಅವಳಿಂದ, ಅತ್ತೆಯ ತಂಗಿಯ ಮಗಳಿಗೆ ಔಷಧಿ ಅಂಗಡಿಯ ಕೆಲಸ ಸಿಕ್ಕಿದ್ದೂ ಅವಳಿಂದ. ಮೆಟ್ಟಿಲಿಗೆ ಒಂದೇ ಕಾಯಿದೆ, ಕೆಲಸದ ಸುದ್ದಿ ಬಂದರೆ ನುಂಗಬಾರದು. ಅದನ್ನು ತಾನು ನುಂಗಿದ್ದಳು. ಹನ್ನೊಂದು ದಿನ. ಅವತ್ತು ಲಿಫ್ಟಿನವಳು ಇನ್ನೂ ಬಂದಿರಲಿಲ್ಲ, ಬಣ್ಣದಣ್ಣ ಒಬ್ಬನೇ ಕೂತು ಬೆರಳಿನ ನೀಲಿ ಕೆರೆಯುತ್ತ, ನಾನು ಬಣ್ಣ ಹೊಡೀತಿರೋ ಹಾಸ್ಟೆಲಲ್ಲಿ ರಿಪೇರಿಗೆ ಒಬ್ಬರು ಬೇಕಂತೆ, ಹೆಣ್ಣುಮಕ್ಕಳ ಹಾಸ್ಟೆಲ್ ಅಲ್ವಾ, ಹೆಂಗಸೇ ಆದ್ರೆ ಒಳ್ಳೇದು ಅಂತಾರೆ ವಾರ್ಡನ್, ಅಲ್ಲಿನ ಮೋಟಾರು ಮಾತ್ರ ಮಹಾ ಮುನಿಸಿನದು, ದಿನಾ ಕೈಕೊಡುತ್ತೆ, ಅಂದ. ಆಗಲೇ ಮೇಲೆ ಬಂದಳು ಲಿಫ್ಟಿನವಳು, ಕೇಳ್ರೋ, ನಮ್ಮ ಲಿಫ್ಟು ಮಾತಾಡೋಕೆ ಕಲಿತಿದೆ, ತಾನೇ ಮಹಡಿ ಹೇಳುತ್ತೆ, ತಿಂಗಳ ಕೊನೆಗೆ ನನಗೆ ರಜಾ, ನನ್ನ ಜಾಗಕ್ಕೆ ಬಂದಿರೋಳಿಗೆ ಹೊಟ್ಟೆನೂ ಇಲ್ಲ ಕಾಲೂ ಇಲ್ಲ, ಬರೀ ಗಂಟಲು, ಎಂದು ನಕ್ಕಳು, ನಗುತ್ತ ನಗುತ್ತ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಗ ಹೇಳಬೇಕಿತ್ತು. ಹೇಳಲಿಲ್ಲ. ಬಣ್ಣದಣ್ಣನಿಗೆ ಫೋನು ಬಂದು ಅವನು ಎದ್ದು ಹೋದ, ತಾನು ಮಾತ್ರ ಕೂತು, ಸ್ಟಾರ್ಟರ್ ಪೆಟ್ಟಿಗೇಲಿ ಸಾಮಾನ್ಯವಾಗಿ ಏನು ಕೆಡುತ್ತೆ ಕಣೇ, ಎಂದು ಕೇಳಿದಳು, ಸುಮ್ಮನೆ ಕೇಳಿದ ಹಾಗೆ, ಪಾಪ, ಅವಳು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಹೇಳಿಕೊಟ್ಟಳು, ಮೊದಲು ಮೇನ್ ಆಫ್ ಮಾಡು, ಆಮೇಲೆ ಮುಚ್ಚಳ, ಸಡಿಲ ವೈರು ಕರ್ರಗಾಗಿರುತ್ತೆ, ಕಣ್ಣಿಗೇ ಕಾಣುತ್ತೆ —

ಧಡ್ — ನಾಲ್ಕನೆಯ ಸಲ, ಅವಳು ತಲೆ ಎತ್ತಿದಳು, ಬಾಗಿಲ ಬಳಿ ಲಿಫ್ಟಿನವಳು ನಿಂತಿದ್ದಳು. ಇಸ್ತ್ರಿ ಹಾಕಿದ ಸೀರೆ, ಎಣ್ಣೆ ಹಾಕಿ ಬಿಗಿದ ಜಡೆ, ಕಂಕುಳಲ್ಲಿ ಚೀಲ. ನೀನಾ, ಅಂದಳು ಲಿಫ್ಟಿನವಳು. ನೀನಾ, ಅಂದಳು ಇವಳೂ. ಭೂಮಿ ಬಾಯಿ ಬಿಡಬಾರದೇ, ಈಗಲೇ, ಈ ಬೆಂಚಿನ ಕೆಳಗೇ, ಮುಖ ಹುಳ್ಳಗಾಗಿದ್ದು ಕನ್ನಡಿಯಿಲ್ಲದೆಯೂ ತಿಳಿಯಿತು, ಹಲ್ಲುನೋವಿಗೆ ಬಂದೆ ಎನ್ನಲೇ, ಛೀ — ಆದರೆ ಅವಳ ಮುಖ ಯಾಕೆ ಹಾಗಾಯಿತು, ಅವಳೂ ಯಾಕೆ ಚೀಲವನ್ನು ಬೆನ್ನ ಹಿಂದೆ ಮಾಡಿಕೊಂಡಳು. ಬೆಂಚಿನ ಆ ತುದಿಯಲ್ಲಿ ಕೂತಳು, ಮಧ್ಯೆ ಇಬ್ಬರು ಕೂರುವಷ್ಟು ಜಾಗ ಬಿಟ್ಟು. ಬಣ್ಣದಣ್ಣ ಹೇಳಿದ್ನಾ, ಎಂದು ಕೇಳಿದಳು, ಗೋಡೆ ನೋಡುತ್ತ. ಹೂಂ. ಯಾವಾಗ. ಹನ್ನೊಂದು ದಿನ ಆಯ್ತು, ನೀನು ಲಿಫ್ಟಿನ ವಿಷಯ ಹೇಳಿದೆಯಲ್ಲ ಅವತ್ತು, ತಪ್ಪಾಯ್ತು ಕಣೇ, ಹೇಳಬೇಕಿತ್ತು, ಬಾಯಿ ಬರಲಿಲ್ಲ, ಎಂದಳು ಇವಳು ಒಂದೇ ಉಸಿರಿಗೆ. ಲಿಫ್ಟಿನವಳು ಬೆನ್ನ ಹಿಂದಿನ ಚೀಲವನ್ನು ಮಡಿಲಿಗೆ ಎಳೆದುಕೊಂಡು, ನನಗೆ ಮಾರನೇ ದಿನ ಬೆಳಿಗ್ಗೆ ಹೇಳಿದ, ಹತ್ತು ದಿನ ಆಯ್ತು, ನಾನೂ ಹೇಳಲಿಲ್ಲ, ನಿನಗೆ ಗೊತ್ತಿಲ್ಲ ಅಂದ್ಕೊಂಡೆ, ಅಂದಳು. ಹತ್ತು ದಿನ! ತಕ್ಷಣ ಏನೋ ಹೊಳೆಯಿತು, ಕಳೆದ ಗುರುವಾರ, ಮೆಟ್ಟಿಲ ಮೇಲೆ, ಅವಳೇ ಉಗುರು ಕತ್ತರಿಸುತ್ತ, ಅಲ್ವೇ, ಮೋಟಾರು ಓಡುತ್ತೆ ನೀರು ಬರಲ್ಲ ಅಂದ್ರೆ ಏನು ಮಾಡ್ತಾರೆ, ಎಂದು ಕೇಳಿದ್ದಳಲ್ಲ, ಸುಮ್ಮನೆ ಕೇಳಿದ ಹಾಗೆ, ತಾನು ದೊಡ್ಡ ಪಂಡಿತೆಯ ಹಾಗೆ ಹೇಳಿಕೊಟ್ಟಿದ್ದಳು, ನಮ್ಮ ಲಾಂಡ್ರಿಯಲ್ಲಿ ಪ್ರತಿ ಸೋಮವಾರ ಅದೇ ಗೋಳು, ಪೈಪಿನೊಳಗೆ ಗಾಳಿ ಸೇರಿರುತ್ತೆ, ಮೇಲಿನ ಬಿರಡೆ ಬಿಚ್ಚಿ ನೀರು ತುಂಬಬೇಕು, ಗುಳ್ಳೆ ನಿಲ್ಲೋವರೆಗೂ — ಕಳ್ಳಿ, ಅಂದಳು ಇವಳು. ನೀನು ಸ್ಟಾರ್ಟರ್ ಕೇಳಿದ್ದು ಯಾಕೆ, ಅಂದಳು ಅವಳು. ಇಬ್ಬರ ಹೆಗಲೂ ಒಟ್ಟಿಗೇ ಅಲುಗಾಡತೊಡಗಿದವು, ನಗು ತಡೆಯಲು ಒಬ್ಬಳು ಸೆರಗು ಕಚ್ಚಿದಳು, ಇನ್ನೊಬ್ಬಳು ಚೀಲ.

ಆದರೆ ಕೆಲಸ ಒಂದೇ. ನಗು ಮುಗಿಯುವ ಮೊದಲೇ ಅದು ಇಬ್ಬರಿಗೂ ನೆನಪಾಯಿತು, ಬೆಂಚು ಮತ್ತೆ ಉದ್ದವಾಯಿತು, ಅಷ್ಟರಲ್ಲಿ ವಾರ್ಡನ್ ಮೇಡಂ ಕೋಣೆಯಿಂದ ಓಡಿಯೇ ಬಂದರು, ಕನ್ನಡಕ ಹಣೆಗೇರಿತ್ತು, ರಿಪೇರಿ ಕೆಲಸಕ್ಕೆ ಬಂದವರು ಯಾರು, ಇಬ್ಬರೂನಾ, ಇಬ್ಬರೂ ಬನ್ನಿ, ಮೋಟಾರು ಬೆಳಿಗ್ಗೆಯಿಂದ ಉಸಿರೇ ಎತ್ತಿಲ್ಲ, ಮೇಲೆ ಅರವತ್ತು ಹುಡುಗೀರು, ಅರ್ಧ ಜನದ ತಲೇಲಿ ಇನ್ನೂ ಸೋಪಿದೆ, ಪ್ರಶ್ನೆ ಗಿಶ್ನೆ ಏನೂ ಕೇಳಲ್ಲ, ಅದನ್ನ ಓಡಿಸಿ, ಅಷ್ಟೇ. ಕೆಳಗಿನ ಪಂಪು ಕೋಣೆ, ಜೇಡರ ಬಲೆ, ಒದ್ದೆ ಸಿಮೆಂಟಿನ ವಾಸನೆ, ಮೇಲಿನಿಂದ ಯಾವಳೋ, ಆಂಟೀ ಕಣ್ಣು ಉರೀತಿದೆ, ಎಂದು ಕೂಗುವುದು ಪೈಪಿನ ಸಂದಿಯಿಂದ ಇಳಿದು ಬರುತ್ತಿದೆ, ಇವಳ ಕೈಯಿಂದ ಟೆಸ್ಟರು ಎರಡು ಸಲ ಜಾರಿತು, ಸ್ಟಾರ್ಟರ್ ಪೆಟ್ಟಿಗೆಗೆ ಇವಳೇ ಮೊದಲು ಹಾರಿದ್ದು, ಮೇನ್ ಆಫ್, ಮುಚ್ಚಳ, ಸೀಮೆಸುಣ್ಣದ ಚಿತ್ರ ಕಣ್ಣ ಮುಂದೆ, ಇಗೋ, ಮೂರನೇ ತಿರುಪಿನ ಹತ್ತಿರ ಕರ್ರಗಾದ ವೈರು, ಕಣ್ಣಿಗೇ ಕಾಣುತ್ತೆ ಅಂದಿದ್ದಳಲ್ಲ, ಸುಟ್ಟ ತುದಿ ಕತ್ತರಿಸಿ, ಸುಲಿದು, ಬಿಗಿದು, ಬೆರಳೆಲ್ಲ ಮಸಿ, ಗುಂಡಿ ಒತ್ತಿದರೆ ಮೋಟಾರು ಗುಂಯ್ ಎಂದು ಎದ್ದಿತು, ಗೆದ್ದೆ — ಇಲ್ಲ, ನೀರಿಲ್ಲ, ಬರೀ ಗುಂಯ್, ಸೋಮವಾರದ ಗೋಳು ಇದೇ ಅಲ್ಲವೇ, ಇದು ತನಗೆ ಗೊತ್ತಿರುವುದೇ, ಆದರೆ ಸಂತೋಷಕ್ಕೋ ಗಾಬರಿಗೋ ತಲೆ ಒಂದು ಗಳಿಗೆ ಖಾಲಿಯಾಗಿ ನಿಂತೇಬಿಟ್ಟಿತು, ಲಿಫ್ಟಿನವಳು ಇವಳನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಆಫ್ ಮಾಡು, ಗಾಳಿ ಕಣೇ, ಗಾಳಿ, ಎಂದು ಕೂಗಿ ಬಿರಡೆ ಬಿಚ್ಚಿ, ಮೂಲೆಯ ಬಕೆಟ್ಟಿನಿಂದ ಚೊಂಬು ಚೊಂಬು ನೀರು ಸುರಿದಳು, ಸೀರೆ ಮೊಣಕಾಲ ತನಕ ತೊಯ್ದು ಹೋಯಿತು, ಗುಳುಗುಳು, ಗುಳುಗುಳು, ಇನ್ನೊಂದು ಚೊಂಬು, ಗುಳ್ಳೆ ನಿಂತಿತು, ಬಿರಡೆ, ಗುಂಡಿ, ಈ ಸಲ ಮೋಟಾರಿನ ದನಿಯೇ ಬೇರೆ, ಹೊಟ್ಟೆ ತುಂಬಿದವರ ದನಿ, ಪೈಪು ಜುಮ್ಮೆಂದು ನಡುಗಿತು, ಸ್ವಲ್ಪ ಹೊತ್ತಿಗೆ ಮೇಲಿನಿಂದ ಅರವತ್ತು ಹುಡುಗಿಯರ ಕಿರುಚಾಟ.

ಯಾರು ಸರಿ ಮಾಡಿದ್ದು, ಎಂದರು ವಾರ್ಡನ್ ಮೇಡಂ, ಮೋಟಾರಿನ ಸದ್ದಿಗೆ ದನಿ ಏರಿಸಿ, ಕನ್ನಡಕ ಈಗ ಮೂಗಿಗಿಳಿದಿತ್ತು. ನಾನು, ಎನ್ನಬಹುದಿತ್ತು, ಸುಳ್ಳೇನೂ ಆಗುತ್ತಿರಲಿಲ್ಲ, ಕೈ ಎತ್ತಿದ್ದೂ ಅದಕ್ಕೇ ಇರಬೇಕು, ಎತ್ತಿದ ಕೈ ಮಾತ್ರ ಅವಳತ್ತ ತಿರುಗಿತು, ನೋಡಿದರೆ ಅವಳ ಕೈಯೂ ಮೇಲೆದ್ದು ಇತ್ತಲೇ ತೋರಿಸುತ್ತಿದೆ. ಇದೊಳ್ಳೆ ಕಥೆ, ನನಗೆ ಬೇಕಿರೋದು ಒಬ್ಬರು, ಒಂದನೇ ತಾರೀಖಿಂದ ಯಾರು ಬರ್ತೀರಿ ಹೇಳಿ, ಅಂದರು ಮೇಡಂ. ನಾನು ಬರ್ತೀನಿ, ಎನ್ನುವುದು ನಾಲಿಗೆಯ ತುದಿಗೆ ಬಂದು ಕೂತಿತ್ತು, ಬೇಕಿತ್ತು, ಎಷ್ಟು ಬೇಕಿತ್ತೆಂದರೆ ಸ್ಕೇಲಿನ ಮೇಜಿನ ಮೇಲೆ ರಾಜೀನಾಮೆ ಇಡುವಾಗ ಅರ್ಧ ಇಂಚು ಸೊಟ್ಟಗೆ ಮಡಚಿ ಇಡಬೇಕೆಂದು ಕೂಡ ತೀರ್ಮಾನ ಮಾಡಿಟ್ಟಿದ್ದಳು — ಇವಳ ಲಿಫ್ಟಿನ ಕೆಲಸ ಈ ತಿಂಗಳ ಕೊನೆಗೆ ನಿಲ್ಲುತ್ತೆ ಮೇಡಂ, ಇವಳೇ ಬರಲಿ, ಎಂದು ಬಾಯಿ ಹೇಳಿಬಿಟ್ಟಿತು, ಹನ್ನೊಂದು ದಿನ ತಡವಾಗಿ, ಮೋಟಾರಿಗಿಂತ ಜೋರಾಗಿ. ಹೇಳಿದ ಮೇಲೆ ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳು, ಉರಿಯಿತು, ಮೇಡಂ ಅವಳ ಹೆಸರು ವಿಳಾಸ ಬರೆದುಕೊಳ್ಳುವಾಗ ಇವಳು ಆ ಬಾಗಿಲಿನ ತಿರುಪನ್ನು ಕಾಲು ಸುತ್ತು ತಿರುಗಿಸುತ್ತ ನಿಂತಿದ್ದಳು, ಯಾರೂ ಕೇಳದಿದ್ದರೂ, ಕೈಗೆ ಏನಾದರೂ ಬೇಕಿತ್ತು.

ಗೇಟಿನ ಹೊರಗೆ ಬಂದದ್ದೇ ತಡ ಲಿಫ್ಟಿನವಳು ಇವಳ ತೋಳು ಹಿಡಿದು ನಿಲ್ಲಿಸಿದಳು, ಕಣ್ಣು ತುಂಬಿತ್ತು, ಥ್ಯಾಂಕ್ಸ್ ಗೀಂಕ್ಸ್ ಅನ್ನುತ್ತಾಳೋ ಏನೋ ಎಂದು ಇವಳು ಮುಖ ತಿರುಗಿಸುವಷ್ಟರಲ್ಲಿ, ಬೈಬೇಡ ಕಣೇ, ಇನ್ನೊಂದೂ ನುಂಗಿದ್ದೆ, ಅಂದಳು, ಐದನೇ ಮಹಡಿ ಹಲ್ಲಿನ ಡಾಕ್ಟ್ರು ಫೋನಲ್ಲಿ ಮಾತಾಡ್ತಿದ್ರು, ಅವರ ತಂಗಿ ನಡೆಸೋ ಶಾಲೇಲಿ ನಲ್ಲಿ, ಟ್ಯಾಂಕಿ ನೋಡ್ಕೊಳ್ಳೋಕೆ ಜನ ಬೇಕಂತೆ, ಇದು ಕೈತಪ್ಪಿದ್ರೆ ಅದು ಅಂತ ಇಟ್ಕೊಂಡಿದ್ದೆ, ಇವತ್ತು ಒಂದು ಗಂಟೆಗೆ ಕೊನೆ. ಕಳ್ಳಿ, ಮಹಾಕಳ್ಳಿ, ಟೈಮೆಷ್ಟು ಈಗ. ಹನ್ನೆರಡೂವರೆ. ಓಡಿದರು, ನಲವತ್ತು ದಾಟಿದ ಇಬ್ಬರು ಹೆಂಗಸರು, ಒಬ್ಬಳ ಸೀರೆ ತೊಯ್ದು ಕಾಲಿಗೆ ಸುತ್ತಿಕೊಳ್ಳುತ್ತಿದೆ, ಇನ್ನೊಬ್ಬಳ ಚೀಲದಲ್ಲಿ ಸ್ಪ್ಯಾನರ್ ಕಣಕಣ ಎನ್ನುತ್ತಿದೆ, ಸಿಗ್ನಲ್ಲಿನಲ್ಲಿ ಬಸ್ಸಿನವರೆಲ್ಲ ಕಿಟಕಿಯಿಂದ ನೋಡಿದರು, ನೋಡಲಿ. ಶಾಲೆಯ ಅಂಗಳದಲ್ಲಿ ಹನ್ನೆರಡು ನಲ್ಲಿಗಳ ಸಾಲು, ಎಂಟು ತೊಟ್ಟಿಕ್ಕುತ್ತಿದ್ದವು, ಡಾಕ್ಟರ ತಂಗಿ ಕೈಕಟ್ಟಿ ನಿಂತು, ಒಂದನ್ನ ಮಾಡಿ ತೋರ್ಸಿ, ಅಂದರು, ಇವಳು ಚೀಲದಲ್ಲಿದ್ದ ವಾಷರು ಮುಗಿಯುವ ತನಕ ಐದನ್ನು ಮಾಡಿಯೇ ಎದ್ದಳು, ಸ್ಪ್ಯಾನರ್ ಒಮ್ಮೆಯೂ ಜಾರಲಿಲ್ಲ. ಮೊದಲು ಮೂರು ತಿಂಗಳು ನೋಡೋಣ, ಹದಿನೈದನೇ ತಾರೀಖಿಂದ ಬನ್ನಿ, ಅಂದರು. ಈಗ ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದಾಳೆ, ಲಿಫ್ಟಿನವಳು ಪಕ್ಕದಲ್ಲಿ ಏನೋ ಹೇಳುತ್ತಲೇ ಇದ್ದಾಳೆ, ಬಣ್ಣದಣ್ಣನಿಗೆ ಗ್ರಹಚಾರ ಬಿಡಿಸಬೇಕು ಅಂತಲೋ ಏನೋ, ಅತ್ತೆಗೆ ಮೊದಲು ಯಾವುದು ಹೇಳಲಿ, ಕೈತಪ್ಪಿದ್ದೋ ಸಿಕ್ಕಿದ್ದೋ, ಸ್ಕೇಲಿಗೆ ಇನ್ನೆಷ್ಟು ದಿನ ಹಲ್ಲುನೋವು ಹೇಳಲಿ, ಶಾಲೆಯ ಟ್ಯಾಂಕಿಗೆ ಏಣಿ ಇದೆಯೋ ಇಲ್ಲವೋ ಕೇಳಲೇ ಇಲ್ಲ, ಎತ್ತರದ್ದಾದರೆ — ಅಷ್ಟರಲ್ಲಿ ಕಣ್ಣ ಮುಂದೆ ಮತ್ತೆ ಅದೇ, ಓಡುವಾಗಲೂ ಬಂದಿತ್ತು, ನಲ್ಲಿ ಬಿಗಿಯುವಾಗಲೂ ಬಂದಿತ್ತು, ಗುಂಯ್‌ಗುಡುವ ಮೋಟಾರಿನ ಮೇಲೆ ಚಾಚಿದ ಎರಡು ಬೆರಳು, ತನ್ನದು ಮಸಿ ಹಿಡಿದದ್ದು, ಅವಳದು ತೊಟ್ಟಿಕ್ಕುತ್ತಿದ್ದದ್ದು, ಒಂದು ಅತ್ತ, ಒಂದು ಇತ್ತ, ಮಧ್ಯೆ ಗೇಣು ಜಾಗ — ಮಸಿಯದೊಂದು, ನೀರಿನದೊಂದು, ಎರಡು ಬೆರಳು.