ಜನರಲ್ ಸಾಹೇಬರ ಬಲಗಾಲು

"ಒತ್ತಬ್ಯಾಡ್ರಿ ಯಪ್ಪಾ, ಮಣಕಾಲ ಮ್ಯಾಲ ಮಾತ್ರ ಒತ್ತಬ್ಯಾಡ್ರಿ!" ಮರೆಪ್ಪ ಅಂಗಳದಿಂದಲೇ ಕೂಗಿದ. ಒಳಗೆ ಪಡಸಾಲೆಯಲ್ಲಿ ನಾಲ್ಕು ಮಂದಿ ಸೇರಿ ಜನರಲ್ ಶಿವಯೋಗೆಪ್ಪನವರ ಹೆಣವನ್ನು ಕೂಡಿಸಲು ಹೆಣಗುತ್ತಿದ್ದರು. ಎಡಗಾಲು ಹೇಗೋ ಮಡಚಿತ್ತು. ಬಲಗಾಲು ಮಾತ್ರ ಒನಕೆಯ ಹಾಗೆ ನೆಟ್ಟಗೆ ಚಾಚಿಕೊಂಡಿತ್ತು.

ಟಿಕೋಟಾದ ರೈತನ ಮಗ, ಸಂಸ್ಥಾನವೊಂದರ ಸೈನ್ಯಕ್ಕೆ ಸಿಪಾಯಿಯಾಗಿ ಸೇರಿ ಅದೇ ಸೈನ್ಯದ ಜನರಲ್ ಆಗಿ, ಪೆನ್ಶನ್ ಮೇಲೆ ಜೋರಾಪುರ ಪೇಟೆಯಲ್ಲಿ ನೆಲೆಸಿದವರು. ಒಂದು ಮಾತಿಗೆ ಸಾವಿರ ಜನರನ್ನು ಏಳಿಸಿ ಕೂಡಿಸಿದ ಮನುಷ್ಯ, ಸಾವಿರದ ಒಂಬೈನೂರ ನಲವತ್ನಾಲ್ಕರ ಆ ಬೇಸಿಗೆಯ ದಿನ ತಾನೇ ಕೂಡ್ರಲೊಲ್ಲ! ಲಿಂಗವಂತರ ಹೆಣ, ಮಲಗಿಸಿ ಮಣ್ಣು ಕೊಡುವಂತಿಲ್ಲ. ಹೊತ್ತು ವಾಲಿತ್ತು. ಕಡೆಯ ಸಲಾಮಿಗೆಂದು ಸಂಸ್ಥಾನದಿಂದ ಬಂದ ಬಂದೂಕಿನ ಪಡೆ ಬೀದಿಯಲ್ಲಿ ನಿಂತು ಬೆವರುತ್ತಿತ್ತು.

ಹೆಂಡತಿ ರೇಣುಕವ್ವ ಬಾಗಿಲಿಗೆ ಬಂದಳು. "ಮರೆಪ್ಪನ್ನ ಒಳಗ ಕರೀರಿ. ದಿನಾ ಆ ಕಾಲು ಮಡಚಾಂವ ಅವನ."

"ಏನ್ ಮಾತಾಡ್ತೀರಿ ವೈನಿ?" ಜನರಲ್ಲರ ತಮ್ಮ ಗುರುಲಿಂಗಪ್ಪ ಹೊಸ್ತಿಲಿಗೆ ಅಡ್ಡ ನಿಂತ. "ಅಣ್ಣ ಇದ್ದಾಗ ಹಿತ್ತಲದಾಗ ಏನರ ಮಾಡಿರಲಿ. ಈಗ ಅಯ್ಯನವರು ವಿಭೂತಿ ಹಚ್ಚ್ಯಾರ, ಕೈಯಾಗ ಲಿಂಗ ಇಟ್ಟಾರ. ಅರಕೇರಿ ಹೊಲಗೇರಿಯಾಂವ ಮುಟ್ಟಿದರ ನಾಳೆ ಮಂದಿಗೆ ಮಾರಿ ತೋರಸಾಕ ಬರ್ತೈತೇನು?"

"ಇಪ್ಪತ್ತೆಂಟು ವರ್ಷ ಮುಟ್ಟಿದ ಕೈರಿ ಅವು!"

ಬಬಲೇಶ್ವರದಿಂದ ಬಂದಿದ್ದ ಅಯ್ಯನವರು, ಬಸಲಿಂಗಯ್ಯ, ನೆಲ ನೋಡಿದರು. ಗುರುಲಿಂಗಪ್ಪನಿಗೆ ಅಷ್ಟೇ ಸಾಕಾಯಿತು.

*

ಇಪ್ಪತ್ತೆಂಟು ವರ್ಷದ ಹಿಂದೆ, ಸಮುದ್ರದಾಚೆಯ ಬಸ್ರಾದ ಲಡಾಯಿಯಲ್ಲಿ ಗುಂಡು ಮಣಕಾಲಿಗೇ ಬಡಿದಿತ್ತು. ಆಗಿನ್ನೂ ಜಮಾದಾರ ಶಿವಯೋಗೆಪ್ಪ. ಡಾಕ್ಟರರು ಗರಗಸ ತಂದಾಗ, ಪಕ್ಕದಲ್ಲಿದ್ದ ಆರ್ಡರ್ಲಿ ಮರೆಪ್ಪನ ಅಂಗಿ ಹಿಡಿದು ಕೂಸಿನ ಹಾಗೆ ಅತ್ತಿದ್ದರು.

"ಕಡಸಬ್ಯಾಡಲೇ ಮರ್ಯಾ. ಒಂದ ಕಾಲಿನ ಹೆಣ ಹ್ಯಾಂಗ ಕೂಡಿಸ್ತಾರೋ? ನನ್ನ ಇಡಿಯಾಗಿ ಕೂಡಿಸಿ ಮಣ್ಣ ಕೊಡಬೇಕು. ಆಣಿ ಮಾಡು."

ಮರೆಪ್ಪ ಆಣೆ ಮಾಡಿದ, ಡಾಕ್ಟರರ ಕಾಲಿಗೆ ಬಿದ್ದ. ಕಾಲು ಉಳಿಯಿತು. ಮುಂದೆ ದಿನಾ ನಸುಕಿಗೆ ಬಿಸಿ ಕುಸುಬಿ ಎಣ್ಣೆ ಹಚ್ಚಿ, ಹಿಮ್ಮಡ ಹಿಡಿದು ಹೊರಗೆ ತಿರುವಿ, ಅರ್ಧ ತಾಸು ನೀವಿ ನೀವಿ ಮಡಚಬೇಕು. ಆಮೇಲೆಯೇ ಸಾಹೇಬರ ಲಿಂಗಪೂಜೆ. ದರಬಾರಿನಲ್ಲಿ ಅವರು ಮೂರು ತಾಸು ನಿಂತೇ ಇದ್ದರೆ ಜನ "ಎಂಥಾ ಗಂಡಸೋ!" ಅನ್ನುತ್ತಿದ್ದರು. ಕೂಡ್ರಲಾಗದೆ ನಿಂತದ್ದೆಂದು ಯಾರಿಗೆ ಗೊತ್ತು!

*

ಮರೆಪ್ಪ ಅಂಗಳದ ಮಣ್ಣಿನಲ್ಲೇ ಕುಳಿತು ತನ್ನ ಬಲಗಾಲು ಚಾಚಿದ. "ನೋಡ್ರಿ ಅವ್ವಾ, ಹಿಂಗ. ಹಿಮ್ಮಡ ಹಿಡೀರಿ. ಹೊರಗ ತಿರುವ್ರಿ. ಎಣ್ಣಿ ಬಿಸಿ ಇರಲಿ. ಅವಸರ ಬ್ಯಾಡ."

ರೇಣುಕವ್ವ ನೋಡಿಕೊಂಡು ಒಳಗೋಡಿದಳು. ಬಹಳ ಹೊತ್ತಿನ ಮೇಲೆ ಆಕೆಯ ದನಿ ಕೇಳಿತು: "ಬಗ್ಗಾಕತ್ತೈತಿ! ಇನ್ನೊಂದೀಟ ತಡೀರಿ!"

ಮರೆಪ್ಪನಿಗೆ ಹೋದ ಜೀವ ಬಂದಂತಾಯಿತು.

"ಎಷ್ಟೊತ್ತು ತಡಿಯೂದು? ಹೊತ್ತು ಮುಳುಗಾಕತ್ತೈತಿ," ಗುರುಲಿಂಗಪ್ಪನ ದನಿ. "ಸರೀರಿ ವೈನಿ. ಲೇ, ಗಟ್ಟಿಯಾಗಿ ಹಿಡೀರಿ."

"ಬ್ಯಾಡ್ರೀ!" ಮರೆಪ್ಪ ಎದ್ದು ಓಡಿದ. ಹೊಸ್ತಿಲ ಮುಂದೆ ಕಾಲು ತಾವೇ ನಿಂತುಬಿಟ್ಟವು. ಬಸ್ರಾದ ಗುಂಡಿಗೆ ಅಂಜದವನು ನಾಲ್ಕು ಬೆರಳೆತ್ತರದ ಕಟ್ಟಿಗೆಗೆ ಅಂಜಿದ. ಥೂ ನನ್ನ ಜನ್ಮಕ್ಕ, ಅಂದುಕೊಂಡ.

ಒಳಗೆ ಲಟಕ್ ಎಂದಿತು.

ಹೆಣ ಹೊರಗೆ ಬಂತು. ತಲೆಗೆ ರುಮಾಲು, ಎದೆಯ ಮೇಲೆ ಬಿಲ್ಲೆಗಳು, ಶಾಲಿನ ಕೆಳಗೆ ಎರಡೂ ಕಾಲು ಮಡಚಿದ ಪದ್ಮಾಸನ.

"ಎಷ್ಟ ಚಂದ ಕುಂತಾರ ನೋಡ್ರಿ," ಮಂದಿ ಕೈಮುಗಿದರು. ಬಂದೂಕುಗಳು ಹಾರಿದವು.

ಹೆಗಲು ಕೊಟ್ಟವರು ಮೆಟ್ಟಿಲಿಳಿಯುವಾಗ ಶಾಲು ಜಾರಿ ಬಲಗಾಲು ಹೊರಗೆ ಬಿತ್ತು. ಅರ್ಧ ತಾಸು ನೀವದೆ ಒಂದು ದಿನವೂ ಬಗ್ಗದ ಕಾಲು, ಹೊತ್ತವರ ಒಂದೊಂದು ಹೆಜ್ಜೆಗೂ ಅತ್ತ ಇತ್ತ ಓಲಾಡುತ್ತ ಸ್ಟೇಷನ್ ರಸ್ತೆಯ ಕಡೆಗೆ ಹೋಯಿತು.