ಶುಕ್ರವಾರದ ಉಗುರು

ಮೂರನೇ ರೊಟ್ಟಿ ಹಂಚಿನ ಮೇಲಿತ್ತು. ಅದಕ್ಕೆ ನೀರು ಸವರಬೇಕು ಎನ್ನುವಷ್ಟರಲ್ಲಿ ಒಳಗಿನಿಂದ ಚೀರಿದ ಸದ್ದು ಬಂತು. ಓಡಿ ಹೋಗಿ ನೋಡಿದರೆ, ಮೂರನೇ ಕ್ಲಾಸಿನ ನನ್ನ ಮಗಳು ಗೌತಮಿ ಒಂದು ಕಾಲಿಗೆ ಶಾಲೆಯ ಬೂಟು ಹಾಕಿಕೊಂಡು, ಇನ್ನೊಂದನ್ನು ಮೂಲೆಗೆ ಎಸೆದು ಕುಳಿತಿದ್ದಳು.

"ಕಾಲು ತೋರಿಸು."

"ಏನೂ ಆಗಿಲ್ಲ."

ಕಾಲುಚೀಲ ಬಿಡಿಸಿದೆ. ಹೆಬ್ಬೆರಳು ಊದಿ ಕೆಂಪಾಗಿತ್ತು. ಉಗುರಿನ ಒಂದು ತುದಿ ಮಾಂಸದೊಳಗೆ ಹೊಕ್ಕು, ಸುತ್ತ ಕೀವು ಕಟ್ಟಿತ್ತು. ಅಡುಗೆಮನೆಯಿಂದ ರೊಟ್ಟಿ ಸುಟ್ಟ ವಾಸನೆ ಬಂತು. ಸುಡಲಿ ಬಿಡು ಅಂದುಕೊಂಡೆ.

ತಪ್ಪು ನನ್ನದೇ. ನಮ್ಮ ಮನೆಯಲ್ಲಿ ಉಗುರು ತೆಗೆಯಲು ವಾರಕ್ಕೆ ಒಂದೇ ದಿನ, ಬುಧವಾರ. ಸೋಮವಾರ ಶಿವನದು, ಮಂಗಳವಾರ ಮತ್ತು ಶುಕ್ರವಾರ ಲಕ್ಷ್ಮಿಯದು, ಗುರುವಾರ ಶರಣರದು, ಶನಿವಾರ ಹಣಮಂತದೇವರದು. ರವಿವಾರ ಯಾರದು ಎಂದು ಕೇಳಿದರೆ ನಮ್ಮತ್ತೆ ಭಾಗಮ್ಮ, "ಯಾರದಾರ ಇದ್ದೇ ಇರ್ತದ" ಅನ್ನುತ್ತಾರೆ. ಅವರಿರುವುದು ಕಮಲಾಪುರದಲ್ಲಿ, ನಾವಿರುವುದು ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯಲ್ಲಿ. ನಿಯಮಗಳು ಫೋನಿನಲ್ಲಿ ಬರುತ್ತವೆ. ಒಂದು ಬುಧವಾರ ತಪ್ಪಿದರೆ ಮತ್ತೆ ವಾರ ಕಾಯಬೇಕಲ್ಲ ಎಂದು ನಾನು ಉಗುರನ್ನು ಆಳವಾಗಿ, ಮೂಲೆಗಳನ್ನೂ ಕೆತ್ತಿ, ಗುಂಡಗೆ ಕತ್ತರಿಸಿಬಿಡುತ್ತಿದ್ದೆ.

"ನಡಿ, ದವಾಖಾನಿಗಿ ಹೋಗೋಣ."

"ಅಲ್ಲಿ ಉಗುರು ಕತ್ತರಿಸ್ತಾರ. ಇವತ್ತು ಶುಕ್ರವಾರ. ಲಕ್ಷ್ಮಿ ಮನಿ ಬಿಟ್ಟು ಹೋಗ್ತಾಳಂತ ಆಯಿ ಹೇಳ್ಯಾಳ."

ನೋವಿಗೆ ಅಳದವಳು ಲಕ್ಷ್ಮಿ ಹೋಗುತ್ತಾಳೆಂದು ಅತ್ತಳು. ಅವಳ ಆಯಿಗೆ, ಅಂದರೆ ನಮ್ಮತ್ತೆಗೆ, ಕಮಲಾಪುರಕ್ಕೆ ಫೋನು ಮಾಡಿದೆ.

"ಬ್ಲೇಡ್ ಮುಟ್ಟಿಸಬ್ಯಾಡ," ಅಂದರು ಅತ್ತೆ. "ನಾ ಬರ್ಲತ್ತೀನಿ."

ಹತ್ತೂವರೆಗೆ ಬಸ್ಸಿಳಿದು ಬಂದರು, ಕೈಚೀಲದ ತುಂಬ ಊರಿನ ಕೆಂಪು ಬಾಳೆಹಣ್ಣು. ಒಂದು ಹಣ್ಣನ್ನು ಮೊಮ್ಮಗಳ ಬೆರಳಿನ ಪಕ್ಕ ಹಿಡಿದು ನೋಡಿದರು.

"ಹಣ್ಣಿಗಿಂತ ಬೆರಳೇ ಚಲೋ ಹಣ್ಣಾಗ್ಯಾದ. ಬುಧವಾರ ತನಕ ತಡೀತದೇನು?"

"ಇಲ್ಲರಿ ಅತ್ತಿ."

"ಹಂಗಾರ ನಡಿ. ತೋರಿಸ್ಲಾಕ ಯಾವ ವಾರಾದ್ರೂ ನಡೀತದ."

ದವಾಖಾನೆಯಲ್ಲಿ ಡಾಕ್ಟರ್ ಆಸ್ಮಾ ಕನ್ನಡಕ ಏರಿಸಿಕೊಂಡು ಬಗ್ಗಿದರು.

"ಉಗುರು ಒಳಗ ಬೆಳದದ. ಇಷ್ಟು ಗುಂಡಗ ಯಾರು ಕತ್ತರಿಸಿದವರು?"

ನಾನು ಮೇಲಿನ ಫ್ಯಾನು ನೋಡಿದೆ.

"ನೆಟ್ಟಗ ಕತ್ತರಿಸಬೇಕ್ರಿ, ಮೂಲಿ ಕೆತ್ತಬಾರದು. ಬೂಟು ಸಡಿಲ ಇರಲಿ. ಶುರುವಿಗೇ ಬಂದಿದ್ರ ಉಪ್ಪು ಹಾಕಿದ ಬೆಚ್ಚನ ನೀರಾಗ ದಿನಾ ಕಾಲು ಇಟ್ಟು ನೋಡಬಹುದಿತ್ತು. ಈಗ ಕೀವಾಗ್ಯಾದ, ಈ ತುದಿ ಇವತ್ತೇ ತೆಗೀಬೇಕು. ಬೆರಳು ಜೋಮು ಹಿಡಿದು ಸುನ್ನ ಆಗೋ ಇಂಜೆಕ್ಷನ್ ಕೊಡ್ತೀನಿ ಬೇಟಾ, ಆಮ್ಯಾಲ ನೋವಾಗಂಗಿಲ್ಲ."

ಗೌತಮಿ ಕಾಲನ್ನು ಮೇಲಕ್ಕೆಳೆದು ಅದರ ಮೇಲೆಯೇ ಕುಳಿತಳು. "ಬುಧವಾರ ಬರ್ತೀನಿ," ಅಂದಳು.

ಡಾಕ್ಟರು ನನ್ನನ್ನು ನೋಡಿದರು. ನಾನು ಅತ್ತೆಯನ್ನು ನೋಡಿದೆ. ಅತ್ತೆ ಗೋಡೆಯ ಕ್ಯಾಲೆಂಡರ್ ನೋಡಿದರು. ಅಲ್ಲಿಯೂ ಶುಕ್ರವಾರವೇ ಇತ್ತು. ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಕಡೆಗೆ ಬಾಯಿ ತೆರೆದರು.

"ಡಾಕ್ಟರಬಾಯಿ, ಮಾಂಸದಾಗ ಚುಚ್ಚಿಕೊಂಡಿದ್ದು ಉಗುರು ಹ್ಯಾಂಗಾಗ್ತದ? ಅದು ಮುಳ್ಳು. ಹೊಲದಾಗ ಮುಳ್ಳು ಚುಚ್ಚಿದ್ರ ನಾವೇನು ಬುಧವಾರ ತನಕ ಕುಂತಿರ್ತೀವೇನು?"

ಡಾಕ್ಟರ್ ಆಸ್ಮಾ ನಗಲಿಲ್ಲ. ಬೆರಳನ್ನು ಇನ್ನೊಮ್ಮೆ ಬಗ್ಗಿ ನೋಡಿದರು.

"ಖರೇ ಅದ ಅಮ್ಮಾ. ಮುಳ್ಳೇ ಇದು."

ಗೌತಮಿ ನಿಧಾನಕ್ಕೆ ಕಾಲು ಚಾಚಿದಳು. ಧೈರ್ಯಕ್ಕೆಂದು ಅತ್ತೆ ಅವಳ ಕೈಗೆ ಒಂದು ಬಾಳೆಹಣ್ಣು ಕೊಟ್ಟರು. ಇಂಜೆಕ್ಷನ್ ಚುಚ್ಚಿದಾಗ ಅದು ಹಿಸುಕಿ ಹೋಗಿ ಅರ್ಧ ನನ್ನ ಸೀರೆಗೆ, ಅರ್ಧ ಡಾಕ್ಟರರ ತೋಳಿಗೆ ಅಂಟಿತು. ಆಮೇಲೆ ಐದು ನಿಮಿಷದ ಕೆಲಸ. ಚಿಮಟದ ತುದಿಯಲ್ಲಿ ಅಕ್ಕಿನುಚ್ಚಿನಷ್ಟು ಚಿಕ್ಕ, ಚೂಪಾದ ತುಂಡು.

"ನೋಡು ನನ್ನವ್ವ, ಮುಳ್ಳು," ಅಂದರು ಅತ್ತೆ, ಬೇರೆ ಯಾರಾದರೂ ಬೇರೇನಾದರೂ ಅನ್ನುವ ಮೊದಲೇ.

ಪಟ್ಟಿ ಕಟ್ಟಿದ್ದಾಯಿತು, ಗುಳಿಗೆ ಬರೆದಿದ್ದಾಯಿತು. ಗೌತಮಿ ಮಾತ್ರ ತಟ್ಟೆಯಲ್ಲಿದ್ದ ಆ ತುಂಡನ್ನೇ ನೋಡುತ್ತಿದ್ದಳು. ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ನಾನು ತಲೆ ಸವರಿದೆ.

"ಏನು, ಕೇಳವ್ವ."

ಅವಳು ಅಜ್ಜಿಯ ಕಡೆ ತಿರುಗಿದಳು.

"ಆಯಿ, ಅದು ಮುಳ್ಳು ಅಂತ ಲಕ್ಷ್ಮಿಗಿ ಯಾರು ಹೇಳ್ಯಾರ?"